ಸವಣೂರಿನಾಗ ನಾ ಕಚ್ಚಿದ ಡೊಣ್ಣ ಮೆಣಸಿನಕಾಯಿ

ನಂಬೋದಿದ್ರ ನಂಬ್ರಿ, ಇಲ್ಲಂದ್ರ ಬಿಡ್ರಿ, ಒಂದು ಡೊಣ್ಣ ಮೆಣಸಿನಕಾಯಿ ನನ್ನ ಬಾಯಿ ಮುಚ್ಚಿಸಿತು. ಬೀಜದಿಂದ ಸಸಿ ಎಬ್ಬಿಸೋದರಾಗ ಶಿಗ್ಗಾಂವಿ ತಾಲೂಕಿನಾಗ ನನ್ನನ್ನು ಮೀರಿಸುವವರಿಲ್ಲ.

ಸವಣೂರಿನ ಚಾಚಿಯೊಬ್ಬರು ನನ್ನ ಸಸಿಗಳನ್ನು ಹಿತ್ತಲಿನಲ್ಲಿ ಹಚ್ಚಿದ್ದರು. ಕಾಯಿ ಚಲೋ ಬಂದರೆ ಇಡೀ ಓಣಿ ನನ್ನ ಹತ್ತಿರವೇ ಸಸಿ ಒಯ್ಯುತ್ತದೆ ಎಂದು ಮಾತು ಕೊಟ್ಟಿದ್ದರು. ಒಂದು ದಿನ ಅವರದೇ ಫೋನ್ ಬಂತು: "ಬೇಟಾ, ನಿನ್ನ ಕಾಯಿ ಖಾರ ಅದಾವು. ತಿಂದು ನಮ್ಮ ಯಜಮಾನ್ರು ಹೊಟ್ಟಿ ಹಿಡ್ಕೊಂಡು ಕುಂತಾರ."

ಸಿಟ್ಟಿನಿಂದ ಗಾಡಿ ಹತ್ತಿ ಹೋದೆ. ಓಣಿಯ ಹೆಂಗಸರೆಲ್ಲ ಆಗಲೇ ಸೇರಿದ್ದರು.

"ಡೊಣ್ಣಗಾಯಿ ಎಲ್ಲ್ಯಾದ್ರೂ ಖಾರ ಆಗತೈತೇನ್ರಿ ಚಾಚಿ? ನೋಡ್ರಿ, ಪ್ಯಾರಲ ಹಣ್ಣು ತಿಂದಂಗ ತಿಂತೇನಿ!" ಎಂದು ಗಿಡದಿಂದ ಒಂದು ಹರಿದು ಅರ್ಧ ಕಚ್ಚಿದೆ.

ನಾಲಿಗೆಗೆ ಕೆಂಡ ಇಟ್ಟಂತಾಯಿತು. ಕಣ್ಣಿನಿಂದ ನೀರು ಇಳಿಯಿತು. ನನ್ನ ಕೈಯಾರೆ ಬೆಳೆಸಿದ ಸಸಿ ಇದೇನಾ ಎಂದು ಕೈಯಲ್ಲಿ ಉಳಿದ ಅರ್ಧ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ.

"ಬೀಜ ಎಲ್ಲಿದು?" ಚಾಚಿ ಕೇಳಿದರು.

"ನಮ್ಮ ಹಿತ್ತಲದ್ದರಿ. ಹಣ್ಣು ಮಾಡಿ ನಾನ ತಗದದ್ದು."

"ಮಗ್ಗಲಕ ಏನಿತ್ತು?"

"ಅವ್ವನ ಖಾರದ ಮೆಣಸಿನಗಿಡ."

ಚಾಚಿ ನಕ್ಕರು. "ಜೇನುಹುಳ ನಡುವ ನಿಂತು ಬೀಗತನ ಮಾಡಿಸ್ಯಾವು. ಹುಟ್ಟಿದ ಕೂಸಿಗೆ ಆ ಮನಿ ಗುಣ ಬಂದೈತಿ. ಮನಿಯವಗ ನಿನಗ ಸುದ್ದಿನ ಇಲ್ಲೇನೋ?"

ಹೆಂಗಸರು ನಕ್ಕಿದ್ದೇ ನಕ್ಕಿದ್ದು. ಸಸಿ ಮಾತ್ರ ಒಬ್ಬರೂ ಕೇಳಲಿಲ್ಲ. ಹಂಗಂತ ಬರಿಗೈಲೆ ಬಂದೆ ಅನ್ಕೋಬ್ಯಾಡ್ರಿ. ಚಾಚಿ ನನಗೆ ಒಂದು ಹೆಂಟಿ ಬೆಲ್ಲ ಕೊಟ್ಟರು.