ಶೋಕೇಸಿನ ಹೆಲ್ಮೆಟ್ಟುಗಳು

ಊರಿಗೆಲ್ಲ ಅವರು ಹೊಸಬೋರ್ಡು ಸಾಹುಕಾರರು. ಸಾಬೂನು, ಕೊಡೆ, ಶಾಲೆಯ ಬ್ಯಾಗು ಎನ್ನುತ್ತ ಮೂವತ್ತು ವರ್ಷಗಳಲ್ಲಿ ಎಂಟು ಬೋರ್ಡು ಬರೆಸಿದವರಿಗೆ ಬೇರೆ ಹೆಸರು ಹೇಗೆ ಅಂಟೀತು? ಒಂದು ಕಾರ್ಖಾನೆ ನೆಟ್ಟಗೆ ನಡೆಯತೊಡಗಿದರೆ ಸಾಕು, ಪುಣ್ಯಾತ್ಮರಿಗೆ ಅದು ಬೇಜಾರಾಗುತ್ತಿತ್ತು. ಒಂಬತ್ತನೆಯದು ಕ್ರಿಕೆಟ್ ಹೆಲ್ಮೆಟ್. ಅದನ್ನು ಮೆರೆಸಲು ತಲೆಗಳು ಬೇಕಲ್ಲ, ಒಂದು ತಂಡವನ್ನೇ ಕೊಂಡರು. ಮಗಳ ಗಂಡನೇ ಅದರ ಆರಂಭಿಕ ಬ್ಯಾಟ್ಸ್‌ಮನ್.

ಮೊದಲ ಪಂದ್ಯಕ್ಕೆ ಟೀವಿಯವರು ಬರುತ್ತಾರೆಂದು ಕೇಳಿದ್ದೇ ತಡ, ಅವರ ಕೈ ಸುಮ್ಮನಿರಲಿಲ್ಲ. ಬೆಳಿಗ್ಗೆ ಕಾರ್ಖಾನೆಗೆ ಹೋಗಿ, ಥಳಥಳ ಹೊಳೆಯುತ್ತಿದ್ದ ಹೆಲ್ಮೆಟ್ಟುಗಳನ್ನು ತಾವೇ ಚೀಲಕ್ಕೆ ತುಂಬಿಕೊಂಡು ಬಂದರು. ಆಟಗಾರರು "ಎಷ್ಟು ಹಗುರ!" ಎಂದು ಹೊಗಳಿದಾಗ ಉಬ್ಬಿಹೋದರು.

ಎರಡನೇ ಓವರಿನಲ್ಲಿ ಕಾರ್ಖಾನೆಯ ಮೇಸ್ತ್ರಿಯ ಫೋನ್ ಬಂತು.

"ಸಾಹುಕಾರ್ರೇ, ಶೋಕೇಸ್ ಖಾಲಿ ಇದೆ. ನೀವೇನಾದ್ರೂ ತಗೊಂಡ್ ಹೋದ್ರಾ?"

"ಹೂಂ. ಅದಕ್ಕೇನೀಗ?"

"ಅಯ್ಯೋ! ಅವು ಬರೀ ನೋಡೋಕೆ ಮಾಡ್ಸಿದ್ದು. ತೆಳು ಪ್ಲಾಸ್ಟಿಕ್. ಚೆಂಡು ಬಿದ್ರೆ ಮೊಟ್ಟೆ ಥರ ಒಡೀತಾವೆ!"

ಸಾಹುಕಾರರು ತಟ್ಟನೆ ಪಿಚ್ಚಿನತ್ತ ತಿರುಗಿದರು; ಬ್ಯಾಟ್ ಹಿಡಿದು ನಿಂತಿದ್ದವನು ಅಳಿಯನೇ. ಅಂಗಳದಲ್ಲಿ ಆರಡಿ ಮೀರಿದ ವೇಗದ ಬೌಲರ್ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿದ್ದ. ಈಗ ಕೂಗಿಕೊಂಡರೆ ಟೀವಿಯ ಮುಂದೆಯೇ ಮಾನ, ವ್ಯಾಪಾರ ಎರಡೂ ಮಣ್ಣುಪಾಲು. ಕೂಗದಿದ್ದರೆ? ಹೀಗೆ ಹಿಂದೆಮುಂದೆ ನೋಡುವುದರಲ್ಲೇ ಒಂದು ಚೆಂಡು ಹೋಗಿಬಿಟ್ಟಿತು. ಅದು ಅಳಿಯನ ಕಿವಿಯ ಪಕ್ಕದಲ್ಲೇ ಹಾರಿತು. ಇಷ್ಟು ಹೆದರಿಕೆಯಲ್ಲೂ ಮರ್ಯಾದೆಯ ಯೋಚನೆ ಮಾಡಿದ್ದಕ್ಕೆ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ಎದ್ದವರೇ ಬೌಂಡರಿಯ ಹಗ್ಗ ದಾಟಿ, ಒಂದು ಚಪ್ಪಲಿ ಅಲ್ಲೇ ಬಿಟ್ಟು, ಕೈ ಬೀಸುತ್ತ ಓಡಿದರು. ಓಡಿಬರುತ್ತಿದ್ದ ಬೌಲರ್ ಅರ್ಧದಲ್ಲೇ ನಿಂತ.

"ತೆಗಿ ಅದನ್ನ, ಮೊದ್ಲು ತೆಗಿ!"

"ಏನಾಯ್ತು ಮಾವ? ಎಲ್ರೂ ನೋಡ್ತಿದಾರೆ."

"ನೋಡ್ಲಿ. ಇದು ಶೋಕೇಸಲ್ಲಿ ಇಡೋ ಆಟಿಕೆ ಕಣಪ್ಪ, ನಾನೇ ನೋಡ್ದೆ ತಂದ್ಬಿಟ್ಟೆ. ನೀನು ಬಾ ನನ್ ಜೊತೆ."

ಹೆಲ್ಮೆಟ್ಟನ್ನು ಕಿತ್ತುಕೊಂಡು, ಅಳಿಯನ ರಟ್ಟೆ ಹಿಡಿದು ದರದರ ಎಳೆದುಕೊಂಡು ಹೊರಟರು. ಹತ್ತು ಹೆಜ್ಜೆ ನಡೆದ ಮೇಲೆ, ಸದ್ಯ ಬದುಕಿದೆ ಎಂದು ಉಸಿರು ಬಿಟ್ಟರು.

ಅಳಿಯ ಮುಂದೆ ಬರಲಿಲ್ಲ. ಪಿಚ್ಚಿನ ಇನ್ನೊಂದು ತುದಿಯತ್ತ ತಿರುಗಿ ನಿಂತಿದ್ದ. ಅಲ್ಲಿ ಅವನ ಜೊತೆಗಾರ, ಗಾರೆ ಕೆಲಸದವಳ ಒಬ್ಬನೇ ಮಗ, ಹೆಲ್ಮೆಟ್ ಹಾಕಿಕೊಂಡೇ ಇವರನ್ನು ನೋಡುತ್ತಿದ್ದ.

"ಮಾವ, ಅವನ ತಲೇಲಿರೋದು?"

ಸಾಹುಕಾರರು ಬಾಯಿ ತೆರೆದರು. ಕೂಗಿ ಕರೆಯೋಣವೆಂದರೆ ಆ ಹುಡುಗನ ಹೆಸರೇ ಅವರಿಗೆ ಗೊತ್ತಿರಲಿಲ್ಲ.