ಒಂಬತ್ತು ಹೆಬ್ಬೆಟ್ಟಿನ ಬೋರ್ಡು

ಮೂರು ವರ್ಷಗಳ ಹಿಂದೆ ನಾನು ಬೆಂಗಳೂರಿನ ಒಂದು ಖಾಸಗಿ ವಸ್ತುಸಂಗ್ರಹಾಲಯದಲ್ಲಿ ಸಂಗ್ರಹಣಾ ಸಹಾಯಕಿಯಾಗಿದ್ದೆ. ಮೊದಲ ತಲೆಮಾರಿನ ಕಂಪ್ಯೂಟರ್ ಕಂಪನಿಗಳ ಕಟ್ಟಡಗಳ ಮೇಲಿದ್ದ ಹಳೆಯ ನಾಮಫಲಕಗಳನ್ನು ಹುಡುಕಿ ತರುವುದು ಕೆಲಸ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ನನ್ನ ಪಾಲಿಗೆ ಬಂದಿದ್ದವು. ಹೆಚ್ಚಿನ ಫಲಕಗಳು ಆಗಲೇ ಗುಜರಿ ಸೇರಿದ್ದವು. ನಾಲ್ಕು ತಿಂಗಳು ಅಲೆದರೂ ಸಿಕ್ಕಿದ್ದು ಎರಡು ಒಂಟಿ ಅಕ್ಷರ ಮತ್ತು ಒಂದು ಮುರಿದ ಲಾಂಛನ.

ಲಕ್ಕೂರಿನ ಪಾಪಮ್ಮನವರ ರೇಷ್ಮೆ ಹುಳು ಮನೆಯಲ್ಲಿ ಒಂದು ಪೂರ್ತಿ ಬೋರ್ಡು ಇದೆ ಎಂದು ತಿಳಿದು ಹೋದೆ. ಎಂಟು ಅಡಿ ಉದ್ದದ ನೀಲಿ ತಗಡು, ಬಿಳಿ ಅಕ್ಷರಗಳು. ಮಾಲೂರಿನ ಹತ್ತಿರ ಕಂಪ್ಯೂಟರ್ ಕೀಬೋರ್ಡ್ ತಯಾರಿಸುತ್ತಿದ್ದ ಕಾರ್ಖಾನೆಯದು. ಅಲ್ಲಿ ಪಾಪಮ್ಮ ಹನ್ನೊಂದು ವರ್ಷ ಬೆಸುಗೆ ಹಾಕುವ ಕೆಲಸ ಮಾಡಿದ್ದರು. ಅದು ಮುಚ್ಚಿದಾಗ ಕೆಳಗೆ ಬಿಸಾಡಿದ್ದ ಬೋರ್ಡನ್ನು ಗಂಡನ ಟ್ರಾಕ್ಟರಿನಲ್ಲಿ ತಂದಿದ್ದರು.

ಬೋರ್ಡಿನ ಕೆಳ ಅಂಚಿನಲ್ಲಿ ಒಂಬತ್ತು ಕೆಂಪು ಗುರುತುಗಳಿದ್ದವು. ಏನೆಂದು ಕೇಳಿದೆ.

"ಆಯುಧಪೂಜೆ ದಿನ ಒಳಕ್ಕೆ ಕುಂಕುಮ ತರಂಗಿಲ್ಲ ಅಂತ ಸೂಪರ್‌ವೈಸರ್ ಆರ್ಡರು. ಧೂಳು ಬಿದ್ರೆ ಮಾಲು ಕೆಡ್ತದಂತೆ. ಅದಕ್ಕೇ ನಾವು ಒಂಬತ್ತು ಜನ ಗೇಟಲ್ಲೇ ಎಣ್ಣೇಲಿ ಕುಂಕುಮ ಕಲಸಿ, ಅಲ್ಲೇ ಗೋಡೆಗಿದ್ದ ಈ ಬೋರ್ಡಿಗೆ ಒಬ್ಬೊಬ್ರೂ ಒಂದೊಂದು ಹೆಬ್ಬೆಟ್ಟು ಒತ್ತೋದು," ಎಂದರು ಪಾಪಮ್ಮ.

"ಮಿಷಿನ್‌ಗೆ ಇಲ್ದಿರೋ ಪೂಜೆ ತಗಡಿಗೆ!" ಎಂದು ಅವರ ಗಂಡ ನಕ್ಕರು.

"ನೀನು ಸುಮ್ಕಿರಯ್ಯ. ಟ್ರಾಕ್ಟರ್‌ಗೆ ನಿಂಬೆಹಣ್ಣು ಕಟ್ಟೋನು ಯಾರು, ನಮ್ಮಪ್ಪನಾ?"

ಕಾರ್ಖಾನೆ ಮುಚ್ಚಿದ ಮೇಲೂ ಗೆಳತಿಯರು ಪ್ರತಿ ವರ್ಷ ಬಂದು ತಮ್ಮ ತಮ್ಮ ಗುರುತಿನ ಮೇಲೆ ಹೊಸದಾಗಿ ಒತ್ತುತ್ತಿದ್ದರು. ಎಡದಿಂದ ಮೂರನೆಯದು ಮಾತ್ರ ಕಪ್ಪಿಟ್ಟಿತ್ತು. ಅದು ಮುನಿರತ್ನ ಎಂಬುವವರದು. ಅವರು ತೀರಿಕೊಂಡು ಆರು ವರ್ಷವಾಗಿತ್ತು. ಅಲ್ಲಿಂದೀಚೆಗೆ ಅದನ್ನು ಯಾರೂ ಮುಟ್ಟಿರಲಿಲ್ಲ. ಹತ್ತಿರದಿಂದ ನೋಡಿದರೆ ಬೆರಳಿನ ಗೆರೆಗಳು ಕಾಣುತ್ತಿದ್ದವು.

"ತಗೊಂಡೋಗಮ್ಮ, ಇಲ್ಲಿದ್ರೆ ತುಕ್ಕು ತಿನ್ತದೆ. ಅವಳ್ದು ಮಾತ್ರ ಒರೆಸ್ಬೇಡಿ, ಅಷ್ಟೇ."

"ಇಲ್ಲಮ್ಮ, ಒರೆಸಲ್ಲ," ಎಂದೆ.

ನಮ್ಮ ದಾನಪತ್ರದಲ್ಲಿ ಷರತ್ತು ಬರೆಯಲು ಜಾಗವಿರಲಿಲ್ಲ. 'ಷರತ್ತಿಲ್ಲದ ದಾನ' ಎಂಬಲ್ಲಿ ಟಿಕ್ ಹಾಕದಿದ್ದರೆ ವಸ್ತುವನ್ನು ಒಳಗೆ ತೆಗೆದುಕೊಳ್ಳುತ್ತಿರಲಿಲ್ಲ. ಹಾಕಿದೆ. ವಸ್ತು ಬಂದಾಗ ಹೇಗಿತ್ತೆಂದು ದಾಖಲಿಸುವ ಸ್ಥಿತಿ ವರದಿಯಲ್ಲಿ, ತರಬೇತಿಯಲ್ಲಿ ಕಲಿಸಿದಂತೆಯೇ ಬರೆದೆ: 'ಕೆಳ ಅಂಚಿನಲ್ಲಿ ಒಂಬತ್ತು ಕಡೆ ಜಿಡ್ಡಿನ ಕೊಳೆ.' ಉಳಿದದ್ದನ್ನು ವಸ್ತುಗಳನ್ನು ಶುಚಿ ಮಾಡುವ ನಮ್ಮ ಲ್ಯಾಬಿನವರಿಗೆ ಬಾಯಲ್ಲಿ ಹೇಳಿದರಾಯಿತು ಎಂದುಕೊಂಡೆ. ಮುಳಬಾಗಿಲಿನ ಕೆಲಸದಲ್ಲಿ ಹತ್ತು ದಿನ ಕಳೆಯಿತು. ಹೇಳುವಷ್ಟರಲ್ಲಿ ಅವರು ದ್ರಾವಕ ಹಾಕಿ ಒರೆಸಿಯಾಗಿತ್ತು. ಅವರ ತಪ್ಪಿಲ್ಲ, ನನ್ನ ವರದಿಯಂತೆ ಮಾಡಿದ್ದರು. ಪಾಪಮ್ಮನವರಿಗೆ ತಿಳಿಸುವ ಧೈರ್ಯ ನನಗೆ ಬರಲಿಲ್ಲ.

ಪ್ರದರ್ಶನದ ಮೊದಲ ದಿನ ಅವರು ಇಬ್ಬರು ಗೆಳತಿಯರನ್ನು ಕರೆದುಕೊಂಡು ಬಂದರು. ಬೋರ್ಡು ಥಳಥಳ ಹೊಳೆಯುತ್ತಿತ್ತು.

"ಏಮೇ, ಮುನಿರತ್ನಂದು ಎಲ್ಲೇ?" ಎಂದು ಒಬ್ಬರು ಬಗ್ಗಿ ಹುಡುಕಿದರು.

ಪಾಪಮ್ಮ ಅಂಚನ್ನು ಸವರಲು ಕೈ ಚಾಚಿದರು. "ಮುಟ್ಬಾರ್ದಮ್ಮ," ಎಂದ ಕಾವಲುಗಾರ.

ನಾನು ನಡೆದದ್ದನ್ನು ಹೇಳಿದೆ. ಪಕ್ಕದಲ್ಲಿದ್ದ ನಮ್ಮ ನಿರ್ದೇಶಕರು, "ಅದಕ್ಕೇನಂತೆ, ಕುಂಕುಮ ತರಿಸ್ತೀನಿ. ಮತ್ತೆ ಒತ್ತಿ, ಒಂದು ಫೋಟೋನೂ ತೆಗೆಯೋಣ," ಎಂದರು.

"ಕುಂಕುಮ ನಮ್ಮೂರಲ್ಲೂ ಸಿಕ್ತದೆ ಸ್ವಾಮಿ. ಅವಳ ಬೆರಳು ಎಲ್ಲಿಂದ ತರಿಸ್ತೀರ?" ಎಂದರು ಪಾಪಮ್ಮ. ಆಮೇಲೆ ನನ್ನತ್ತ ತಿರುಗಿ, "ಓದಿದೋಳು ಅಂತ ಕೊಟ್ಟೆ ಕಣಮ್ಮ," ಎಂದಷ್ಟೇ ಹೇಳಿ ಹೊರಟುಹೋದರು.

ಬೋರ್ಡನ್ನು ಹಿಂದಿರುಗಿಸೋಣ ಎಂದು ನಿರ್ದೇಶಕರನ್ನು ಕೇಳಿಕೊಂಡೆ. ಷರತ್ತಿಲ್ಲದ ದಾನವನ್ನು ಹಿಂದಿರುಗಿಸುವ ನಿಯಮವಿಲ್ಲ ಎಂದರು. ಗೋಡೆಯ ಮೇಲಿನ ವಿವರಣೆಯಲ್ಲಾದರೂ ಒಂಬತ್ತು ಹೆಂಗಸರ ಹೆಸರು, ಕುಂಕುಮದ ಸಂಗತಿ ಸೇರಿಸಿ ಎಂದು ಬರೆದುಕೊಟ್ಟೆ. ಉತ್ತರ ಬಂತು: ಅದಕ್ಕೆ ದಾಖಲೆಯ ಆಧಾರವಿಲ್ಲ, ಸ್ಥಿತಿ ವರದಿಯಲ್ಲಿರುವುದು ಕೊಳೆ ಮಾತ್ರ.

ಈಗ ಬೇರೆ ಸಂಸ್ಥೆಯಲ್ಲಿದ್ದೇನೆ. ಯಾವ ವಸ್ತುವನ್ನೇ ಆಗಲಿ, ಅಳತೆ ತೆಗೆಯುವ ಮುಂಚೆ ಕೊಡುವವರ ಮಾತನ್ನು ಅವರದೇ ಪದಗಳಲ್ಲಿ ಬರೆದು, ಅವರಿಗೆ ಓದಿ ಹೇಳಿ, ಕೆಳಗೆ ನಾನೇ ಸಹಿ ಹಾಕುತ್ತೇನೆ. ಈ ಪಾಠ ನನ್ನ ಉಪಯೋಗಕ್ಕೆ ಬಂದಿದೆ. ಪಾಪಮ್ಮನವರ ಉಪಯೋಗಕ್ಕೆ ಬರಲಿಲ್ಲ.