ಬಸವಣ್ಣನಿಗೆ ಎಣ್ಣೆ ಹಚ್ಚಿದ್ದು ಯಾರು?

ಕಳೆದ ಭಾನುವಾರ ನಮ್ಮೂರು ಸೂಡಿಯಲ್ಲಿ, ನಮ್ಮ ಓಣಿಯ ಕಲ್ಲಿನ ಬಸವಣ್ಣನ ಬೆನ್ನಿಗೆ ತೂತು ಬಿತ್ತು. ಬೀಳಿಸಿದವನು ನಾನೇ. (ಗಾಬರಿಯಾಗಬೇಡಿ, ಬಿದ್ದದ್ದು ಕಂಪ್ಯೂಟರಿನಲ್ಲಿ.)

ಅಕ್ಕನ ಮಗಳು ವಿದ್ಯಾ ಎಂ.ಟೆಕ್. ಓದುತ್ತಾಳೆ. ಕ್ಯಾಮೆರಾ ಹಿಡಿದು ಒಂದು ವಸ್ತುವಿನ ಸುತ್ತ ತಿರುಗಿದರೆ, ಆ ಚಿತ್ರಗಳಿಂದಲೇ ಅದರ ಉಬ್ಬುತಗ್ಗುಗಳನ್ನೆಲ್ಲ ಕಂಪ್ಯೂಟರ್ ಮತ್ತೆ ಕಟ್ಟಿಕೊಡಬೇಕು. ಅದು ಅವಳ ಪ್ರಾಜೆಕ್ಟ್. ಎರಡು ಮಿಲಿಮೀಟರಿಗಿಂತ ಹೆಚ್ಚು ತಪ್ಪಿದರೆ ಗೈಡ್ ಸಹಿ ಹಾಕುವುದಿಲ್ಲ. ಬುಧವಾರ ಕೊನೆಯ ದಿನ.

ಊರಿಗೆ ಕ್ಯಾಮೆರಾ ಬರುತ್ತದೆ ಎಂದರೆ ಬಸವಣ್ಣನನ್ನು ಹಾಗೇ ಬಿಡಲಾದೀತೇ? ಹಿಂದಿನ ಸಂಜೆಯೇ ತೊಳೆದು, ಕುಸುಬೆ ಎಣ್ಣೆ ತಿಕ್ಕಿ ಮಿರಮಿರ ಮಿಂಚಿಸಿದ್ದೆ. ವಿದ್ಯಾ ಅಳತೆಗೆಂದು ಪಕ್ಕದಲ್ಲೊಂದು ಸ್ಕೇಲ್ ಇಟ್ಟು ಮೂರು ಸುತ್ತು ಬಂದಳು. ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಕಾದೆವು. ಬಂದದ್ದೇನು? ಬೆನ್ನಲ್ಲಿ ಮುಷ್ಟಿ ಗಾತ್ರದ ತೂತು, ಹೆಗಲ ಮೇಲೆ ಇಲ್ಲದ ಗಂಟು!

"ಮಾಮಾ, ಎಣ್ಣಿ ಯಾರ ಹಚ್ಚಿದ್ರು?"

ನಾನು ಆಕಾಶ ನೋಡಿದೆ.

ಸಂಗತಿ ಇಷ್ಟೇ. ಕಲ್ಲು ಇದ್ದಲ್ಲೇ ಇರುತ್ತದೆ, ಹೊಳಪು ಮಾತ್ರ ಕ್ಯಾಮೆರಾ ಸರಿದಂತೆ ತಾನೂ ಸರಿಯುತ್ತದೆ. ಕಂಪ್ಯೂಟರ್ ಪಾಪ, ಹೊಳಪನ್ನೇ ಕಲ್ಲೆಂದು ನಂಬಿತು. ವಿದ್ಯಾಳ ಕಣ್ಣಲ್ಲಿ ನೀರು. ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನಿಸಿತು.

ಬೀಸುಕಲ್ಲುಗಳನ್ನು ಉಳಿಯಿಂದ ಒರಟು ಮಾಡಿಕೊಡುವ ಹುಸೇನಸಾಬರು ಅಷ್ಟೊತ್ತೂ ನಿಂತು ನೋಡುತ್ತಿದ್ದರು.

"ಹೊಳಿಯೋ ಕಲ್ಲಿನ್ಯಾಗ ತಗ್ಗು-ದಿಬ್ಬ ನಮಗೂ ಕಾಣೂದಿಲ್ರಿ. ಎಣ್ಣಿ ತೊಳದು ಒಂದೀಟು ಬೂದಿ ಬಡೀರಿ. ನಾವು ಹಂಗ ಮಾಡೂದು."

"ದೇವರಿಗೆ ಬೂದಿ ಬಡಿಯೂದೇನ್ರಿ?" ಎಂದೆ.

"ಬಸವಣ್ಣಗ ಬೂದಿ ಹೊಸಾದೇನ್ರಿ ಮಾಸ್ತರ?"

ಸೀಗೆಪುಡಿ ಹಾಕಿ ನಾನೇ ತಿಕ್ಕಿದೆ. (ಹಚ್ಚಿದವನೇ ತೊಳೆಯಬೇಕು, ಅದು ನ್ಯಾಯ.) ಬಿಸಿಲಿಗೆ ಒಣಗಿದ ಮೇಲೆ ಹುಸೇನಸಾಬರು ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಕಟ್ಟಿ ತೆಳ್ಳಗೆ ಬಡಿದರು. ವಿದ್ಯಾ ಮತ್ತೆ ಮೂರು ಸುತ್ತು ಬಂದಳು. ನಾವು ರೊಟ್ಟಿ ಊಟ ಮುಗಿಸುವಷ್ಟರಲ್ಲಿ ತೆರೆಯ ಮೇಲೆ ಬಸವಣ್ಣ ಎದ್ದು ಕೂತಿದ್ದ. ಹುಸೇನಸಾಬರು ತಮ್ಮ ಕಬ್ಬಿಣದ ಕೈವಾರ ಹಿಡಿದು ಕಲ್ಲಿನ ಬಸವಣ್ಣನನ್ನು ಕೋಡಿನಿಂದ ಕೋಡಿಗೆ ಅಳೆದರು. ಕಂಪ್ಯೂಟರಿನ ಲೆಕ್ಕಕ್ಕೂ ಅದಕ್ಕೂ ವ್ಯತ್ಯಾಸ ಒಂದೇ ಮಿಲಿಮೀಟರ್!

"ಆ ಒಂದು ನಿಮ್ಮ ಬೂದೀದ್ರಿ ಕಾಕಾ," ಎಂದು ವಿದ್ಯಾ ನಕ್ಕಳು. ಬುಧವಾರ ಗೈಡ್ ಸಹಿ ಹಾಕಿದರಂತೆ. ಆ ಫೋನ್ ಬಂದಾಗಿನಿಂದ ನನಗೆ ಹೊಟ್ಟೆ ತುಂಬ ಖುಷಿ.

ಆದರೂ ಕ್ಯಾಮೆರಾ ಕಂಡೊಡನೆ ಮಿಂಚಬೇಕೆಂಬ ಈ ಚಟ ನಮಗೆ ಎಲ್ಲಿಂದ ಅಂಟಿತು? ಈ ಅಂಕಣದ ಮೇಲೆ ನನ್ನ ಫೋಟೋ ಇದೆಯಲ್ಲ, ಎಣ್ಣೆ ಹಚ್ಚಿ ಬಾಚಿದ ಕರಿ ಕ್ರಾಪಿನದು?

ಅದಕ್ಕೂ ಈಗಿನ ನನಗೂ ವ್ಯತ್ಯಾಸ ಹದಿನೆಂಟು ವರ್ಷ.